ದೋಷ ಹುಡುಕಿದ ಕೈಗಳು: ಮುಕ್ತ ಸರ್ವರ್ ತಂತ್ರಾಂಶ ಮತ್ತು ಪರಸ್ಪರ ನೆರವಿನ ಚರಿತ್ರೆ

ಅಂತರಜಾಲದ ಸರ್ವರುಗಳು, ಅಂದರೆ ದೂರದ ಕಂಪ್ಯೂಟರುಗಳಿಂದ ಬರುವ ಕೋರಿಕೆಗಳಿಗೆ ಹಗಲಿರುಳು ಉತ್ತರ ಕೊಡುವ ಯಂತ್ರಗಳು, ಬಹುಮಟ್ಟಿಗೆ ಇಂದು ನಡೆಯುತ್ತಿರುವುದು ಮುಕ್ತ ತಂತ್ರಾಂಶದ ಬಲದಿಂದ. ಮೂಲ ಸಂಕೇತವನ್ನು, ಎಂದರೆ ಪ್ರೋಗ್ರಾಮರುಗಳು ಬರೆದ ರೂಪದಲ್ಲೇ ಇರುವ ಪಠ್ಯವನ್ನು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು ಎಂಬ ಅನುಮತಿಯೊಡನೆ ಬರುವ ತಂತ್ರಾಂಶಕ್ಕೆ ಈ ಹೆಸರು ಸಲ್ಲುತ್ತದೆ. ಅಂಥ ಅನುಮತಿಪತ್ರಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇನ್ನೊಂದು ಷರತ್ತು ಇರುತ್ತದೆ: ತಂತ್ರಾಂಶವನ್ನು ಇದ್ದಂತೆಯೇ ಕೊಡಲಾಗಿದೆ, ಅದು ಕೆಟ್ಟರೆ ಬರೆದವರು ಹೊಣೆಯಲ್ಲ. ಹೊಣೆ ಹೊರುವವರಿಲ್ಲದಿದ್ದರೂ ಕೆಟ್ಟ ಸರ್ವರುಗಳು ರಿಪೇರಿಯಾಗುತ್ತಲೇ ಬಂದಿವೆ. ಒಂದು ಊರಿನ ಯಂತ್ರದಲ್ಲಿ ಕಂಡ ದೋಷದ ಮೂಲವನ್ನು ಇನ್ನೊಂದು ಖಂಡದಲ್ಲಿರುವ, ಮುಖಪರಿಚಯವೂ ಇಲ್ಲದ ವ್ಯಕ್ತಿಯೊಬ್ಬರು ಪತ್ತೆಹಚ್ಚಿ ಕೊಡುವುದು ಈ ಲೋಕದಲ್ಲಿ ಸಾಮಾನ್ಯ ಸಂಗತಿ. ಇದನ್ನು ಔದಾರ್ಯದ ಕಥೆಯಾಗಿ ಹೇಳುವ ವಾಡಿಕೆ ಇದೆ. ಆದರೆ ಕಳೆದ ಏಳು ದಶಕಗಳ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ, ಸಾಕ್ಷ್ಯ ಕೂಡಿಸುವ, ಬಹಿರಂಗವಾಗಿ ದಾಖಲಿಸುವ, ಸಣ್ಣ ಅಸಂಗತಿಯನ್ನೂ ಕಡೆಗಣಿಸದ ಶಿಸ್ತಿನ ಒಂದು ಕಸುಬಾಗಿಯೇ ಅದು ಬೆಳೆದು ಬಂದದ್ದು ಕಾಣುತ್ತದೆ. ಆ ಶಿಸ್ತು ಸಡಿಲಗೊಂಡ ಕಡೆಗಳಲ್ಲೇ ಅದರ ದೊಡ್ಡ ಸೋಲುಗಳೂ ಸಂಭವಿಸಿವೆ.

ಬಳಸುವವರೇ ಒಟ್ಟುಗೂಡಿ ಪರಸ್ಪರ ನೆರವಾಗುವ ಪದ್ಧತಿ ಮುಕ್ತ ತಂತ್ರಾಂಶ ಎಂಬ ಕಲ್ಪನೆಗಿಂತ ಹಳೆಯದು. 1955ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತಲಿನ ವಿಮಾನ ತಯಾರಿಕಾ ಸಂಸ್ಥೆಗಳು, ತಾವೆಲ್ಲ ಬಳಸುತ್ತಿದ್ದ ಐಬಿಎಂ ಯಂತ್ರಗಳಿಗೆ ಒಂದೇ ಬಗೆಯ ಪ್ರೋಗ್ರಾಮನ್ನು ಪ್ರತಿಯೊಬ್ಬರೂ ಬೇರೆಬೇರೆಯಾಗಿ ಬರೆಯುವ ದಂಡದ ಶ್ರಮವನ್ನು ತಪ್ಪಿಸಲು ‘ಶೇರ್’ ಎಂಬ ಸಂಘವನ್ನು ಕಟ್ಟಿಕೊಂಡವು. ಆ ಕಾಲದಲ್ಲಿ ಮಾರಾಟವಾಗುತ್ತಿದ್ದದ್ದು ಯಂತ್ರವೇ ಹೊರತು ತಂತ್ರಾಂಶವಲ್ಲ. ಹೀಗಾಗಿ ಪ್ರೋಗ್ರಾಮುಗಳನ್ನೂ ಅವುಗಳ ತಿದ್ದುಪಡಿಗಳನ್ನೂ ಸದಸ್ಯರು ಒಬ್ಬರಿಗೊಬ್ಬರು ಕೊಟ್ಟು ಪಡೆಯುವುದಕ್ಕೆ ಅಡ್ಡಿಯಿರಲಿಲ್ಲ.

ಈ ಪದ್ಧತಿಗೆ ಕಸುಬಿನ ರೂಪ ಬಂದದ್ದು ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಸುತ್ತ. ಯಂತ್ರದ ಭಾಗಗಳನ್ನೂ ಅದರ ಮೇಲೆ ನಡೆಯುವ ಪ್ರೋಗ್ರಾಮುಗಳನ್ನೂ ಹಿಡಿತದಲ್ಲಿಟ್ಟುಕೊಳ್ಳುವ ತಳದ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ಯೂನಿಕ್ಸನ್ನು 1969ರಿಂದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಎಟಿ ಅಂಡ್ ಟಿ ದೂರವಾಣಿ ಕಂಪನಿಯ ಬೆಲ್ ಪ್ರಯೋಗಾಲಯದಲ್ಲಿ ರಚಿಸಿದರು. ಏಕಸ್ವಾಮ್ಯ ವಿರೋಧಿ ಮೊಕದ್ದಮೆಯೊಂದರ ಇತ್ಯರ್ಥವಾಗಿ 1956ರಲ್ಲಿ ಸರಕಾರಕ್ಕೆ ಕೊಟ್ಟ ಒಪ್ಪಿಗೆಯಂತೆ ಆ ಕಂಪನಿ ದೂರಸಂಪರ್ಕದ ಹೊರತು ಬೇರೆ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಆದ್ದರಿಂದ ವಿಶ್ವವಿದ್ಯಾಲಯಗಳು ಯೂನಿಕ್ಸ್ ಕೇಳಿದಾಗ ಅಲ್ಪ ಶುಲ್ಕಕ್ಕೆ ಮೂಲ ಸಂಕೇತದ ಸಮೇತ ಟೇಪನ್ನು ಕೊಟ್ಟ ಕಂಪನಿ, ಅದರ ಮುಂದಿನ ಯೋಗಕ್ಷೇಮಕ್ಕೆ ತಾನು ಬಾಧ್ಯವಲ್ಲ, ದೋಷ ಕಂಡರೆ ತಿದ್ದಿಕೊಡುವುದಿಲ್ಲ ಎಂಬ ನಿಲುವನ್ನು ತಳೆಯಿತು. ಕೈಯಲ್ಲಿ ಸಂಕೇತವಿದ್ದು, ದೂರು ಹೇಳಿಕೊಳ್ಳಲು ಮಾರಿದವನಿಲ್ಲದ ಈ ವಿಚಿತ್ರ ಸ್ಥಿತಿಯೇ ಬಳಕೆದಾರರನ್ನು ಒಬ್ಬರ ಬಳಿ ಇನ್ನೊಬ್ಬರು ಹೋಗುವಂತೆ ಮಾಡಿತು. 1974ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಯೂನಿಕ್ಸ್ ಬಳಕೆದಾರರ ಮೊದಲ ಸಭೆ ಸೇರಿತು. ಮರುವರ್ಷ ‘ಯೂನಿಕ್ಸ್ ನ್ಯೂಸ್’ ಎಂಬ ವಾರ್ತಾಪತ್ರ ಹೊರಟಿತು. ಆ ಬಳಗವೇ ಮುಂದೆ ಯೂಸ್‌ನಿಕ್ಸ್ ಎಂಬ ಸಂಘವಾಯಿತು. ಯಾವ ಯಂತ್ರದಲ್ಲಿ ಏನು ಕೆಟ್ಟಿತು, ಯಾರು ಹೇಗೆ ತಿದ್ದಿಕೊಂಡರು ಎಂಬುದೇ ಆ ಸಭೆಗಳ ಮುಖ್ಯ ಮಾತುಕತೆಯಾಗಿತ್ತು.

ಈ ಘಟ್ಟದಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಅಧ್ಯಾಪಕ ಜಾನ್ ಲಯನ್ಸ್ ಮಾಡಿದ ಕೆಲಸವನ್ನು ಬೇರೆಯಾಗಿ ನೆನೆಯಬೇಕು. ಯೂನಿಕ್ಸಿನ ಆರನೆಯ ಆವೃತ್ತಿಯ ತಿರುಳಿನ ಸಂಕೇತವನ್ನು ಸಾಲುಸಾಲಾಗಿ ಅಚ್ಚುಹಾಕಿ, ಅದಕ್ಕೆ ಬೇರೊಂದು ಸಂಪುಟದಲ್ಲಿ ಅವರು ಬರೆದ ವ್ಯಾಖ್ಯಾನ 1976-77ರ ಹೊತ್ತಿಗೆ ವಿದ್ಯಾರ್ಥಿಗಳ ಕೈಸೇರಿತು. ಕಾವ್ಯಕ್ಕೆ ಟೀಕು ಬರೆಯುವ ಪರಂಪರೆಯನ್ನು ಬಲ್ಲ ಕನ್ನಡ ಓದುಗರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ: ನಡೆಯುತ್ತಿರುವ ಒಂದು ವ್ಯವಸ್ಥೆಯ ಒಳಗನ್ನು ಹೀಗೂ ಓದಬಹುದು ಎಂದು ಅದು ಒಂದು ತಲೆಮಾರಿಗೆ ತೋರಿಸಿಕೊಟ್ಟಿತು. ಆದರೆ 1979ರಲ್ಲಿ ಏಳನೆಯ ಆವೃತ್ತಿಯೊಡನೆ ಬಂದ ಹೊಸ ಷರತ್ತು ಸಂಕೇತವನ್ನು ತರಗತಿಯಲ್ಲಿ ಪಾಠ ಮಾಡುವುದನ್ನು ತಡೆಯಿತು. ಲಯನ್ಸರ ವ್ಯಾಖ್ಯಾನ ನೆರಳಚ್ಚಿನ ಪ್ರತಿಗಳಾಗಿ, ಪ್ರತಿಯ ಪ್ರತಿಗಳಾಗಿ ಕೈಯಿಂದ ಕೈಗೆ ಸಾಗಿ, 1996ರಲ್ಲಷ್ಟೇ ಪುಸ್ತಕವಾಗಿ ಬಹಿರಂಗ ಪ್ರಕಟಣೆ ಕಂಡಿತು. ಓದಲು ಬಿಡದ ಸಂಕೇತದಲ್ಲಿ ದೋಷ ಹುಡುಕುವುದು ಅಸಾಧ್ಯ ಎಂಬ ಅರಿವು ಈ ಹದಿನೇಳು ವರ್ಷಗಳಲ್ಲಿ ಬಲವಾಗಿ ಬೇರೂರಿತು.

ಅರಿವು ಇದ್ದರೆ ಸಾಲದು, ದೂರದೂರ ಇರುವವರು ಒಂದೇ ದೋಷದ ಮೇಲೆ ಕೂಡಿ ಕೆಲಸ ಮಾಡಲು ಸಲಕರಣೆಗಳೂ ಬೇಕು. ಅವುಗಳಲ್ಲಿ ಎರಡು ಬಹಳ ಚಿಕ್ಕವು, ಆದರೆ ಅವುಗಳಿಲ್ಲದೆ ಮುಂದಿನ ಯಾವುದೂ ನಡೆಯುತ್ತಿರಲಿಲ್ಲ. ಬೆಲ್ ಪ್ರಯೋಗಾಲಯದ ಡಗ್ಲಸ್ ಮೆಕಿಲ್‌ರಾಯ್ 1974ರ ಸುಮಾರಿಗೆ ಬರೆದ ‘ಡಿಫ್’ ಎಂಬ ಪ್ರೋಗ್ರಾಂ ಎರಡು ಕಡತಗಳನ್ನು ಹೋಲಿಸಿ, ಯಾವ ಸಾಲು ಹೋಯಿತು, ಯಾವುದು ಹೊಸದಾಗಿ ಸೇರಿತು ಎಂಬ ವ್ಯತ್ಯಾಸವನ್ನಷ್ಟೇ ಬರೆದುಕೊಡುತ್ತಿತ್ತು. 1985ರಲ್ಲಿ ಲ್ಯಾರಿ ವಾಲ್ ಹಂಚಿದ ‘ಪ್ಯಾಚ್’ ಇದಕ್ಕೆ ಪ್ರತಿಯಾದ ಕೆಲಸ ಮಾಡಿತು: ಆ ವ್ಯತ್ಯಾಸದ ಪಟ್ಟಿಯನ್ನು ಓದಿ, ಇನ್ನೊಬ್ಬರ ಬಳಿಯಿರುವ ಹಳೆಯ ಕಡತವನ್ನು ತಾನೇ ತಿದ್ದಿ ಹೊಸದಾಗಿಸಿತು. ಪಡೆದವರ ಕಡತ ಈ ನಡುವೆ ತುಸು ಬದಲಾಗಿ ಸಾಲುಗಳು ಹಿಂದುಮುಂದಾಗಿದ್ದರೂ, ಸುತ್ತಲಿನ ಸಾಲುಗಳನ್ನು ಗುರುತಿಸಿ ತಿದ್ದುಪಡಿಯನ್ನು ಸರಿಯಾದ ಜಾಗದಲ್ಲೇ ಕೂರಿಸುವ ಜಾಣತನ ಅದಕ್ಕಿತ್ತು. ಹತ್ತಾರು ಸಾವಿರ ಸಾಲುಗಳ ಪ್ರೋಗ್ರಾಮನ್ನು ಮತ್ತೆ ಮತ್ತೆ ಕಳಿಸುವ ಬದಲು ಹತ್ತು ಸಾಲಿನ ಪರಿಹಾರವನ್ನು ಕಾಗದದಂತೆ ಬರೆದು ಕಳಿಸುವುದು ಇದರಿಂದ ಸಾಧ್ಯವಾಯಿತು. ಅದಕ್ಕಿಂತ ಮುಖ್ಯವಾಗಿ, ಪರಿಹಾರವನ್ನು ಅಳವಡಿಸಿಕೊಳ್ಳುವ ಮುನ್ನ ಓದಿ ವಿಮರ್ಶಿಸುವುದು ಸಾಧ್ಯವಾಯಿತು. ದೋಷ ತಿದ್ದುವ ಕೆಲಸ ಮಾತಿನಿಂದ ಸಾಕ್ಷ್ಯಕ್ಕೆ ಹೊರಳಿದ್ದು ಇಲ್ಲಿ.

ಆ ಕಾಗದಗಳು ಸಾಗಿದ ದಾರಿ ಯೂಸ್‌ನೆಟ್. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಇದನ್ನು ಯೋಚಿಸಿದರು; ನೆರೆಯ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸ್ಟೀವ್ ಬೆಲೊವಿನ್ ಅದರ ಮೊದಲ ಪ್ರೋಗ್ರಾಮನ್ನು ಬರೆದರು. ಒಂದು ಯಂತ್ರ ಇನ್ನೊಂದಕ್ಕೆ ದೂರವಾಣಿ ತಂತಿಯ ಮೂಲಕ ಕರೆಮಾಡಿ, ವಿಷಯವಾರು ವಿಂಗಡಿಸಿದ ಸಂದೇಶಗಳನ್ನು ದಾಟಿಸಿ, ಅದು ಮತ್ತೊಂದಕ್ಕೆ ದಾಟಿಸುತ್ತ ಹೋಗುವ ವ್ಯವಸ್ಥೆ ಅದು. ಉತ್ತರ ಬರಲು ದಿನಗಳೇ ಹಿಡಿಯುತ್ತಿದ್ದ ಕಾರಣ, ಕೇಳುವವರು ಮೊದಲ ಸಂದೇಶದಲ್ಲೇ ಯಂತ್ರ ಯಾವುದು, ಆವೃತ್ತಿ ಯಾವುದು, ಏನು ಮಾಡಿದಾಗ ಏನಾಯಿತು ಎಂಬುದನ್ನೆಲ್ಲ ಬರೆಯುವುದನ್ನು ಕಲಿತರು. ಒಂದೇ ಪ್ರಶ್ನೆ ಹೊಸಬರಿಂದ ಪದೇಪದೇ ಬಂದಾಗ, ಬಲ್ಲವರು ಸಾಮಾನ್ಯ ಪ್ರಶ್ನೆಗಳಿಗೆ ಉತ್ತರಗಳ ಸಂಕಲನವನ್ನು ಸಿದ್ಧಮಾಡಿ ಕಾಲಕಾಲಕ್ಕೆ ಮರುಪ್ರಕಟಿಸತೊಡಗಿದರು; ಸಿ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಸ್ಟೀವ್ ಸಮಿಟ್ 1990ರಿಂದ ನಡೆಸಿಕೊಂಡು ಬಂದ ಇಂಥ ಸಂಕಲನ ಮುಂದೆ ಪುಸ್ತಕವೇ ಆಯಿತು. ಎಫ್‌ಎಕ್ಯೂ ಎಂಬ ಹೆಸರಿನಲ್ಲಿ ಇಂದು ಪ್ರತಿಯೊಂದು ಕಚೇರಿಯ ಜಾಲತಾಣದಲ್ಲೂ ಕಾಣುವ ಪುಟಗಳು ಬಳಕೆಗೆ ಬಂದದ್ದು ಇಂಥ ಪದ್ಧತಿಯಿಂದಲೇ.

ಇದೇ ವೇಳೆಗೆ ರಿಚರ್ಡ್ ಸ್ಟಾಲ್‌ಮನ್ ಪ್ರಶ್ನೆಯನ್ನು ಹಕ್ಕಿನ ನೆಲೆಗೆ ಒಯ್ದರು. ಎಂಐಟಿಯ ಅವರ ಪ್ರಯೋಗಾಲಯದ ಹಳೆಯ ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ, ಕಾಯುತ್ತಿದ್ದವರಿಗೆ ಸುದ್ದಿ ಮುಟ್ಟುವಂತೆ ಅವರು ಪ್ರೋಗ್ರಾಮನ್ನು ತಿದ್ದಿದ್ದರು. 1980ರ ಸುಮಾರಿಗೆ ಜೆರಾಕ್ಸ್ ಸಂಸ್ಥೆಯಿಂದ ಬಂದ ಹೊಸ ಲೇಸರ್ ಮುದ್ರಣಯಂತ್ರಕ್ಕೆ ಮೂಲ ಸಂಕೇತ ಸಿಗಲಿಲ್ಲವಾದ್ದರಿಂದ ಅದೇ ತಿದ್ದುಪಡಿಯನ್ನು ಮಾಡಲಾಗಲಿಲ್ಲ. ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಲು 1983ರ ಸೆಪ್ಟೆಂಬರಿನಲ್ಲಿ ಅವರು ಘೋಷಿಸಿದ ಗ್ನೂ ಯೋಜನೆ, 1989ರಲ್ಲಿ ರೂಪುಗೊಂಡ ಜಿಪಿಎಲ್ ಅನುಮತಿಪತ್ರ ಇವೆರಡೂ ದೋಷವನ್ನು ಕಂಡವನಿಗೆ ಅದನ್ನು ತಿದ್ದುವ ಅಧಿಕಾರವೂ ಇರಬೇಕೆಂಬ ಒಂದೇ ತತ್ತ್ವದ ವಿಸ್ತರಣೆಗಳು. 1991ರ ಆಗಸ್ಟಿನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, ಮುಂದೆ ಲಿನಕ್ಸ್ ಎಂದು ಹೆಸರಾದ ತನ್ನ ಪುಟ್ಟ ಕಾರ್ಯಾಚರಣ ವ್ಯವಸ್ಥೆಯ ಸುದ್ದಿಯನ್ನು ಯೂಸ್‌ನೆಟ್ಟಿನಲ್ಲಿ ಹಂಚಿ ಬಳಕೆದಾರರ ಸಲಹೆ ಕೇಳಿದಾಗ, ಉತ್ತರಿಸಲು ಇಷ್ಟೂ ವರ್ಷ ಪಳಗಿದ ಒಂದು ಸಮುದಾಯ ಸಿದ್ಧವಾಗಿತ್ತು.

ಸರ್ವರ್ ತಂತ್ರಾಂಶದ ಮಟ್ಟಿಗೆ ಈ ಪದ್ಧತಿಯ ಅತ್ಯಂತ ಸ್ಪಷ್ಟ ನಿದರ್ಶನ ಅಪಾಚೆ. 1994ರ ಹೊತ್ತಿಗೆ ಜಾಲಪುಟಗಳನ್ನು ಬಡಿಸುವ ಕೆಲಸಕ್ಕೆ ಎಲ್ಲರೂ ಹೆಚ್ಚಾಗಿ ಬಳಸುತ್ತಿದ್ದದ್ದು ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ಸರ್ವರನ್ನು. ಮೆಕೂಲ್ ಆ ವರ್ಷದ ನಡುವಿನಲ್ಲಿ ಕೇಂದ್ರವನ್ನು ಬಿಟ್ಟ ಮೇಲೆ ಅದರ ಬೆಳವಣಿಗೆ ನಿಂತಿತು. ಬಳಸುವವರು ಮಾತ್ರ ದಿನದಿನಕ್ಕೆ ಹೆಚ್ಚುತ್ತಿದ್ದರು, ಕಂಡ ದೋಷಗಳಿಗೆ ತಂತಮ್ಮ ಪ್ಯಾಚುಗಳನ್ನು ಬರೆದುಕೊಂಡು ದಿನ ದೂಡುತ್ತಿದ್ದರು. 1995ರ ಫೆಬ್ರುವರಿಯಲ್ಲಿ ಬ್ರಯನ್ ಬೆಲೆಂಡಾರ್ಫ್, ರಾಯ್ ಫೀಲ್ಡಿಂಗ್, ರಾಬರ್ಟ್ ಥಾವ್ ಮೊದಲಾಗಿ ಎಂಟು ಮಂದಿ ಈ ಚದುರಿದ ಪ್ಯಾಚುಗಳನ್ನು ಒಟ್ಟುಗೂಡಿಸಲು ನಿರ್ಧರಿಸಿದರು. ಇವರಲ್ಲಿ ಪತ್ರಿಕೆಯೊಂದರ ಜಾಲತಾಣ ನೋಡಿಕೊಳ್ಳುವವರಿದ್ದರು, ಸಂಶೋಧನ ವಿದ್ಯಾರ್ಥಿಗಳಿದ್ದರು. ಸರ್ವರ್ ಮಾರುವುದನ್ನೇ ವೃತ್ತಿ ಮಾಡಿಕೊಂಡು ಅದಕ್ಕಾಗಿ ಕೂಡಿದ ಗುಂಪು ಅದಾಗಿರಲಿಲ್ಲ. ಎಲ್ಲರೂ ಸೇರುವ ಕಚೇರಿ ಇಲ್ಲದ್ದರಿಂದ ತೀರ್ಮಾನಗಳು ಇಮೇಲ್ ಮತದಾನದಿಂದ ಆದವು. ಒಂದು ಬದಲಾವಣೆಯನ್ನು ತಡೆಯುವ ಹಕ್ಕು ಸದಸ್ಯರಿಗಿತ್ತು, ಆದರೆ ತಡೆಯುವವರು ತಾಂತ್ರಿಕ ಕಾರಣವನ್ನು ಕೊಡಲೇಬೇಕಿತ್ತು. ಏಪ್ರಿಲಿನಲ್ಲಿ ಅಪಾಚೆಯ ಮೊದಲ ಸಾರ್ವಜನಿಕ ಆವೃತ್ತಿ, ಡಿಸೆಂಬರ್ 1ರಂದು 1.0 ಆವೃತ್ತಿ ಹೊರಬಂದವು. 1996ರ ಏಪ್ರಿಲಿನ ಹೊತ್ತಿಗೆ ಅಪಾಚೆ ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯ ಜಾಲ ಸರ್ವರಾಗಿತ್ತು. ಯಾರೂ ನೋಡಿಕೊಳ್ಳದ ತಂತ್ರಾಂಶವನ್ನು ಅದರ ಬಳಕೆದಾರರೇ ಎತ್ತಿಕೊಂಡು ಸುಮಾರು ಒಂದು ವರ್ಷದಲ್ಲಿ ಮುಂಚೂಣಿಗೆ ತಂದದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ.

ಅಪಾಚೆಯ ಸಂಕೇತ ಬರೆದವರಿಗೆ ಕೀರ್ತಿ ಬಂತು. ಆದರೆ ಅದನ್ನು ಅಳವಡಿಸಲಾಗದೆ ತೊಡಕಿನಲ್ಲಿ ಸಿಕ್ಕಿಕೊಂಡ ಅಪರಿಚಿತರ ಪ್ರಶ್ನೆಗಳಿಗೆ ಯೂಸ್‌ನೆಟ್ಟಿನಲ್ಲಿ ಉತ್ತರಿಸುತ್ತ ಕುಳಿತವರು ಏಕೆ ಹಾಗೆ ಮಾಡಿದರು? ಈ ಬೇಸರದ, ಹೆಸರು ತಾರದ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನೇ ಕರೀಂ ಲಖಾನಿ ಮತ್ತು ಎರಿಕ್ ಫಾನ್ ಹಿಪೆಲ್ ಎಂಬ ವಿದ್ವಾಂಸರು ಅಧ್ಯಯನ ಮಾಡಿ 2003ರಲ್ಲಿ ಪ್ರಬಂಧ ಪ್ರಕಟಿಸಿದರು. ನೆರವು ಕೊಡುವವರು ಅಲ್ಲಿ ವ್ಯಯಿಸುವ ಶ್ರಮದಲ್ಲಿ ಶೇಕಡಾ 98ರಷ್ಟು ಅವರಿಗೇ ನೇರವಾದ ಕಲಿಕೆಯಾಗಿ ಮರಳುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಇತರರ ಪ್ರಶ್ನೆಗಳನ್ನೂ ಉತ್ತರಗಳನ್ನೂ ಓದುವುದರಲ್ಲೇ ಅವರ ಹೆಚ್ಚಿನ ಹೊತ್ತು ಹೋಗುತ್ತಿತ್ತು. ತಮಗೆ ಮೊದಲೇ ಗೊತ್ತಿರುವ ಉತ್ತರವನ್ನು ಬರೆದು ಹಾಕಲು ಕೆಲವೇ ನಿಮಿಷ ಸಾಕಾಗುತ್ತಿತ್ತು. ಹೊಸ ತೊಡಕುಗಳ ಸುದ್ದಿ ತಮ್ಮ ಸರ್ವರಿಗೆ ತಗಲುವ ಮುಂಚೆಯೇ ಗೊತ್ತಾಗಲೆಂದು ಓದುತ್ತ ಬಂದವರು, ದಾರಿಯಲ್ಲಿ ಸಿಕ್ಕವರಿಗೆ ನೆರವಾದರು. ಪರೋಪಕಾರ ಬುದ್ಧಿಯನ್ನು ಇದು ಅಲ್ಲಗಳೆಯುವುದಿಲ್ಲ; ಆ ಬುದ್ಧಿಗೆ ಆಧಾರವಾಗಿ ನಿಂತ ಲೆಕ್ಕಾಚಾರವನ್ನು ತೋರಿಸುತ್ತದೆ. ನೆರವು ಬಹಿರಂಗವಾಗಿ ನಡೆಯುವವರೆಗೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ ಎಂಬುದನ್ನೂ ಗಮನಿಸಬೇಕು, ಏಕೆಂದರೆ ಖಾಸಗಿಯಾಗಿ ಬಂದ ಉತ್ತರವನ್ನು ಮೂರನೆಯವರು ಓದಿ ಕಲಿಯಲಾರರು.

ಬಹಿರಂಗ ದಾಖಲೆಯ ಈ ಮಹತ್ವವನ್ನು ಡೆಬಿಯನ್ ಯೋಜನೆ ನಿಯಮವಾಗಿಸಿತು. ಲಿನಕ್ಸಿನ ತಿರುಳಿಗೆ ಸಾವಿರಾರು ಪ್ರೋಗ್ರಾಮುಗಳನ್ನು ಹೊಂದಿಸಿ, ಒಂದೇ ಬಾರಿಗೆ ಅಳವಡಿಸಿಕೊಳ್ಳುವಂತೆ ಕಟ್ಟಿಕೊಡುವ ಕಟ್ಟನ್ನು ವಿತರಣೆ ಎನ್ನುತ್ತಾರೆ. ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದ ಡೆಬಿಯನ್ ಅಂಥದೊಂದು ವಿತರಣೆ. ಮರುವರ್ಷವೇ ಇಯಾನ್ ಜಾಕ್ಸನ್ ಅದಕ್ಕೊಂದು ದೋಷದಾಖಲೆ ವ್ಯವಸ್ಥೆ ರಚಿಸಿದರು: ಬಂದ ಪ್ರತಿಯೊಂದು ದೂರಿಗೂ ಒಂದು ಸಂಖ್ಯೆ, ಆ ಸಂಖ್ಯೆಯಡಿ ನಡೆದ ಪತ್ರವ್ಯವಹಾರವೆಲ್ಲ ಯಾರು ಬೇಕಾದರೂ ಓದುವಂತೆ ತೆರೆದ ಕಡತ. ದೋಷಗಳನ್ನು ಮುಚ್ಚಿಡುವುದಿಲ್ಲವೆಂಬ ವಚನವನ್ನು 1997ರ ತನ್ನ ಸಾಮಾಜಿಕ ಒಪ್ಪಂದದಲ್ಲಿ ಯೋಜನೆ ಬರೆದುಕೊಂಡಿತು. 1998ರಲ್ಲಿ ಮೊಜಿಲ್ಲಾ ಬಳಗದಿಂದ ಬಂದ ಬಗ್‌ಜಿಲ್ಲಾ ಇಂಥ ದಾಖಲೆಯನ್ನು ಎಲ್ಲ ಯೋಜನೆಗಳ ಕೈಗೆ ಎಟುಕಿಸಿತು. ದೂರು ಬರೆಯುವ ಕಲೆಯೂ ಈ ಕಾಲದಲ್ಲೇ ಹದಗೊಂಡಿತು. ಸೈಮನ್ ಟೇಥಮ್ 1999ರಲ್ಲಿ ಬರೆದ ಪ್ರಬಂಧವೊಂದು, ದೋಷ ತಮ್ಮ ಕಣ್ಣೆದುರಿಗೇ ಸಂಭವಿಸುವಂತೆ ಪ್ರೋಗ್ರಾಮರಿಗೆ ತೋರಿಸಿಕೊಡುವುದೇ ದೂರಿನ ಗುರಿ, ಲಕ್ಷಣವನ್ನು ಕಂಡಂತೆ ಬರೆಯಬೇಕೇ ಹೊರತು ಊಹೆಯನ್ನೇ ಸಂಗತಿಯೆಂದು ಬರೆಯಬಾರದು ಎಂಬ ವಿವೇಕವನ್ನು ವಿವರಿಸಿತು. ಗಿಟ್ ಎಂಬ ಆವೃತ್ತಿದಾಖಲೆ ತಂತ್ರಾಂಶ 2005ರಲ್ಲಿ ಬಂದ ಮೇಲೆ ‘ಬೈಸೆಕ್ಟ್’ ಎಂಬ ವಿಧಾನವೂ ಬಳಕೆದಾರರ ಕೈಸೇರಿತು: ಹಿಂದಿನ ಆವೃತ್ತಿ ಸರಿಯಿತ್ತು, ಈಗಿನದು ಕೆಟ್ಟಿದೆ, ನಡುವೆ ಸಾವಿರ ಬದಲಾವಣೆಗಳಾಗಿವೆ ಎಂದಾದರೆ, ಪ್ರತಿಸಲವೂ ಉಳಿದದ್ದರ ಅರ್ಧಕ್ಕೆ ಹೋಗಿ ಪರೀಕ್ಷಿಸುತ್ತ ಸುಮಾರು ಹತ್ತೇ ಪರೀಕ್ಷೆಗಳಲ್ಲಿ ತಪ್ಪಿತಸ್ಥ ಬದಲಾವಣೆಯನ್ನು ಹಿಡಿಯಬಹುದು. ಸಂಕೇತ ಬರೆಯಲು ಬಾರದ ಬಳಕೆದಾರನೂ ತಾಳ್ಮೆಯಿದ್ದರೆ ದೋಷದ ಮೂಲವನ್ನು ಬೆರಳಿಟ್ಟು ತೋರಿಸುವಂತಾದದ್ದು ಇದರಿಂದ.

ಭಾರತಕ್ಕೆ ಈ ಪದ್ಧತಿ ಬಂದದ್ದು ಬೇರೆಯದೇ ದಾರಿಯಿಂದ. ಸಾರ್ವಜನಿಕರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮೂಲಕ. ದೂರವಾಣಿ ತಂತಿಯ ಆ ಸಂಪರ್ಕ ನಿಧಾನವೂ ದುಬಾರಿಯೂ ಆಗಿದ್ದರಿಂದ ಇಡೀ ವಿತರಣೆಯನ್ನು ಇಳಿಸಿಕೊಳ್ಳುವುದು ಹೆಚ್ಚಿನವರಿಗೆ ಆಗದ ಮಾತಾಗಿತ್ತು. ಪಿಸಿ ಕ್ವೆಸ್ಟ್ ಮಾಸಪತ್ರಿಕೆ 1996ರಿಂದ ಸಂಚಿಕೆಯೊಡನೆ ಲಿನಕ್ಸ್ ಸಿಡಿಗಳನ್ನು ಹಂಚಿದಾಗ ಅದು ಓದುಗರ ಮನೆಗಳಿಗೂ ಸಣ್ಣ ಕಚೇರಿಗಳಿಗೂ ತಲುಪಿತು. ಅಳವಡಿಸುವಾಗ ಎದುರಾದ ತೊಡಕುಗಳನ್ನು ಬಿಡಿಸಲು ಊರೂರುಗಳಲ್ಲಿ ಲಿನಕ್ಸ್ ಬಳಕೆದಾರರ ಬಳಗಗಳು ಹುಟ್ಟಿಕೊಂಡವು. ಬೆಂಗಳೂರಿನ ಬಳಗ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನವನ್ನು ಆರಂಭಿಸಿತು. ಪಿಸಿ ಕ್ವೆಸ್ಟಿನ ಲಿನಕ್ಸ್ ಪ್ರಯತ್ನದಲ್ಲೂ ಮುಂದಿದ್ದ ಅತುಲ್ ಚಿಟ್ನಿಸ್ ಇದರ ಹಿಂದಿನ ಮುಖ್ಯ ಶಕ್ತಿಯಾಗಿದ್ದರು. 2005ರಲ್ಲಿ ಅದು ಫಾಸ್ ಡಾಟ್ ಇನ್ ಎಂಬ ಹೆಸರು ಪಡೆದು 2012ರವರೆಗೆ ನಡೆಯಿತು. ಭಾಷಣ ಕೇಳಿ ಹೋಗುವ ಸಭೆಯಾಗಿ ಉಳಿಯದೆ, ಬಂದವರು ಕೂತು ನಿಜವಾದ ಯೋಜನೆಗಳಿಗೆ ಕೊಡುಗೆ ಕೊಡುವ ಜಾಗವಾಗಬೇಕೆಂಬ ಒತ್ತಾಯ ಅದರ ಕೊನೆಯ ವರ್ಷಗಳಲ್ಲಿ ಬಲವಾಗಿತ್ತು. ಕನ್ನಡದ ಮಟ್ಟಿಗೂ ಇಂಥ ಕೊಡುಗೆಗೆ ಪರ್ಯಾಯವಿರಲಿಲ್ಲ: ಯೂನಿಕೋಡ್ ಕನ್ನಡ ಲಿನಕ್ಸಿನ ಪರದೆಯ ಮೇಲೆ ಮೂಡತೊಡಗಿದ ಕಾಲದಲ್ಲಿ ಒತ್ತಕ್ಷರ ಜಾರಿದ್ದನ್ನೋ ಅರ್ಕಾವತ್ತು ತಪ್ಪು ಜಾಗದಲ್ಲಿ ಕೂತದ್ದನ್ನೋ ಗುರುತಿಸಿ ದೂರು ಕೊಡಬಲ್ಲವರು ಕನ್ನಡ ಓದುವವರು ಮಾತ್ರ. ಎಷ್ಟೇ ನಿಪುಣ ಪ್ರೋಗ್ರಾಮರಾದರೂ ತನಗೆ ಬಾರದ ಲಿಪಿಯ ದೋಷವನ್ನು ತಾನಾಗಿ ಕಾಣಲಾರ.

1997ರಲ್ಲಿ ಎರಿಕ್ ರೇಮಂಡ್ ಜರ್ಮನಿಯ ವುರ್ಟ್ಸ್‌ಬರ್ಗಿನ ಲಿನಕ್ಸ್ ಸಮ್ಮೇಳನದಲ್ಲಿ ಓದಿದ ‘ದಿ ಕೆಥೀಡ್ರಲ್ ಅಂಡ್ ದಿ ಬಜಾರ್’ ಪ್ರಬಂಧ, ನೋಡುವ ಕಣ್ಣುಗಳು ಸಾಕಷ್ಟಿದ್ದರೆ ಯಾವ ದೋಷವೂ ಆಳದಲ್ಲಿ ಉಳಿಯದು ಎಂಬ ನಂಬಿಕೆಯನ್ನು ಜನಪ್ರಿಯಗೊಳಿಸಿತು. ಮುಂದಿನ ಚರಿತ್ರೆ ಈ ನಂಬಿಕೆಯನ್ನು ಅರ್ಧ ಮಾತ್ರ ಸಮರ್ಥಿಸುತ್ತದೆ. ಸರ್ವರುಗಳ ನಡುವಿನ ಗುಪ್ತ ಸಂಪರ್ಕಕ್ಕೆ ಬೇಕಾದ ಕೀಲಿಗಳನ್ನು ರಚಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದ ಬಗ್ಗೆ 2006ರಲ್ಲಿ ಡೆಬಿಯನ್ನಿಗೆ ಒಂದು ದೂರು ಬಂತು. ಪ್ರೋಗ್ರಾಮಿನ ಸ್ಮೃತಿಬಳಕೆಯನ್ನು ತಪಾಸಣೆ ಮಾಡುವ ವಾಲ್‌ಗ್ರೈಂಡ್ ಎಂಬ ಸಲಕರಣೆ, ಬೆಲೆಯನ್ನೇ ತುಂಬಿರದ ಸ್ಮೃತಿಯನ್ನು ಓಪನ್‌ಎಸ್‌ಎಸ್‌ಎಲ್ ಓದುತ್ತಿದೆಯೆಂದು ಎಚ್ಚರಿಸುತ್ತಿತ್ತು. ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದ ಡೆಬಿಯನ್ ಸ್ವಯಂಸೇವಕರು ಎಚ್ಚರಿಕೆಗೆ ಕಾರಣವಾದ ಎರಡು ಸಾಲುಗಳನ್ನು ಗುರುತಿಸಿ, ದೋಷಶೋಧನೆಯ ಅನುಕೂಲಕ್ಕೆ ಅವನ್ನು ತೆಗೆಯಬಹುದೇ ಎಂದು ಓಪನ್‌ಎಸ್‌ಎಸ್‌ಎಲ್ ಬಳಗವನ್ನು ಕೇಳಿದರು. ದೋಷಶೋಧನೆಗಾದರೆ ತೆಗೆಯಬಹುದು ಎಂಬರ್ಥದ ಉತ್ತರ ಬಂತು. ಕೇಳಿದವರು ಅದನ್ನು ಎಲ್ಲರ ಯಂತ್ರಗಳಿಗೂ ಅನ್ವಯಿಸಿದರು, ಉತ್ತರಿಸಿದವರು ಅದು ಎಲ್ಲಿಗೆ ಹೋಗುತ್ತಿದೆಯೆಂದು ವಿಚಾರಿಸಲಿಲ್ಲ. ತೆಗೆದ ಸಾಲುಗಳಲ್ಲೊಂದು ಕೀಲಿಗೆ ಯಾದೃಚ್ಛಿಕತೆಯನ್ನು, ಅಂದರೆ ಯಾರೂ ಊಹಿಸಲಾಗದ ಗುಣವನ್ನು, ಬೆರೆಸುವ ಸಾಲೇ ಆಗಿತ್ತು. ಉಳಿದದ್ದು ನಡೆಯುತ್ತಿರುವ ಪ್ರೋಗ್ರಾಮಿಗೆ ಯಂತ್ರ ಕೊಡುವ ಕ್ರಮಸಂಖ್ಯೆ ಮಾತ್ರ. ಅದರ ಮಿತಿ 32,768. ಊಹೆಗೆ ನಿಲುಕದಷ್ಟು ವಿಪುಲವಾಗಿರಬೇಕಾದ ಕೀಲಿಗಳು, ಒಂದು ಅಳತೆಗೆ ಇಷ್ಟೇ ಸಂಖ್ಯೆಯೊಳಗೆ ಸಿಕ್ಕಿಕೊಂಡವು. 2008ರ ಮೇ ತಿಂಗಳಲ್ಲಿ ಲೂಸಿಯಾನೊ ಬೆಲ್ಲೊ ಇದನ್ನು ಪತ್ತೆಹಚ್ಚುವ ವೇಳೆಗೆ ಸುಮಾರು ಒಂದು ವರ್ಷ ಎಂಟು ತಿಂಗಳು ಕಳೆದು, ಡೆಬಿಯನ್, ಉಬುಂಟು ಮತ್ತು ಅವುಗಳಿಂದ ಹುಟ್ಟಿದ ವಿತರಣೆಗಳ ಕೀಲಿಗಳನ್ನೆಲ್ಲ ಹೊಸದಾಗಿ ರಚಿಸಿಕೊಳ್ಳಬೇಕಾಯಿತು.

ಈ ಪ್ರಕರಣದಲ್ಲಿ ಸಂಕೇತ ಬಹಿರಂಗವಾಗಿತ್ತು, ದೂರು ಬಹಿರಂಗವಾಗಿತ್ತು, ಪ್ರಶ್ನೋತ್ತರವೂ ಬಹಿರಂಗವಾಗಿತ್ತು. ಇಷ್ಟಿದ್ದೂ ಅನಾಹುತ ನಡೆದದ್ದಕ್ಕೆ ಕಾರಣ, ಎಚ್ಚರಿಕೆ ಏಕೆ ಬರುತ್ತಿದೆ ಎಂದು ಅರಿಯುವ ಬದಲು ಅದು ಬಾರದಂತೆ ಮಾಡುವುದೇ ಪರಿಹಾರವೆನಿಸಿಕೊಂಡದ್ದು. 2014ರ ಏಪ್ರಿಲಿನಲ್ಲಿ ಅದೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಬಿರುಕು ಹೊರಬಿದ್ದಾಗ ಇನ್ನೊಂದು ಸತ್ಯ ತಿಳಿಯಿತು. ಸರ್ವರಿನ ಸ್ಮೃತಿಯಲ್ಲಿದ್ದ ಗುಟ್ಟುಗಳನ್ನು ಹೊರಗಿನವರು ಓದಿಕೊಳ್ಳಲು ಎಡೆಮಾಡಿದ ಆ ದೋಷ 2012ರ ಮಾರ್ಚಿನ ಆವೃತ್ತಿಯಿಂದಲೂ ಎಲ್ಲರ ಕಣ್ಣೆದುರಿಗೇ ಇತ್ತು. ಜಗತ್ತಿನ ಅಂಗಡಿ, ಬ್ಯಾಂಕುಗಳು ನೆಚ್ಚಿಕೊಂಡಿದ್ದ ಆ ತಂತ್ರಾಂಶಕ್ಕೆ ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರು. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಕಣ್ಣುಗಳು ಸಾಕಷ್ಟಿವೆಯೆಂದು ಎಲ್ಲರೂ ಭಾವಿಸಿದ್ದರು, ನೋಡುವವರು ಮಾತ್ರ ಇರಲಿಲ್ಲ.

2024ರ ಮಾರ್ಚಿನಲ್ಲಿ ಈ ಚರಿತ್ರೆಯ ಎಳೆಗಳೆಲ್ಲ ಒಂದೆಡೆ ಕೂಡಿದವು. ಕಡತಗಳನ್ನು ಕಿರಿದಾಗಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶವನ್ನು ಅದರ ಮೂಲ ಪಾಲಕರು ವರ್ಷಗಳಿಂದ ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. 2021ರಿಂದ ಜಿಯಾ ಟಾನ್ ಎಂಬ ಹೆಸರಿನ ಅಪರಿಚಿತರು ಉಪಯುಕ್ತ ಪ್ಯಾಚುಗಳನ್ನು ಕಳಿಸುತ್ತ ಬಂದರು. ಬೇರೆಲ್ಲೂ ಕಾಣದ ಹೆಸರುಗಳವರು ಕೆಲಸ ನಿಧಾನವಾಗಿದೆಯೆಂದು ಪಾಲಕರನ್ನು ಪೀಡಿಸಿ, ಹೊಸ ಸಹಾಯಕರನ್ನು ಸೇರಿಸಿಕೊಳ್ಳಿ ಎಂದು ಒತ್ತಿದರು. ಹೀಗೆ ವಿಶ್ವಾಸ ಗಳಿಸಿ ಒಳಸೇರಿದ ಆ ಹೆಸರಿನಿಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಅಂದರೆ ಅನಧಿಕೃತರಿಗೆ ಸರ್ವರಿನೊಳಗೆ ದಾರಿ ಕೊಡುವ ಗುಪ್ತ ಸಂಕೇತ, ಸೇರಿಕೊಂಡಿತು. ಪರಸ್ಪರ ನೆರವಿನ ಪದ್ಧತಿಯ ವೇಷವನ್ನೇ ತೊಟ್ಟು ನಡೆದ ವಂಚನೆ ಇದು. ಈ ಚರಿತ್ರೆಯಲ್ಲಿ ಇದಕ್ಕಿಂತ ನೋವಿನ ಘಟನೆಯಿಲ್ಲ.

ಅದನ್ನು ಹಿಡಿದದ್ದೂ ಅದೇ ಪದ್ಧತಿಯ ಶಿಸ್ತು. ಪೋಸ್ಟ್‌ಗ್ರೆಸ್ ಎಂಬ ಮುಕ್ತ ದತ್ತಸಂಚಯ ತಂತ್ರಾಂಶದ ಬೆಳವಣಿಗೆಯಲ್ಲಿ ತೊಡಗಿದ್ದ, ಮೈಕ್ರೋಸಾಫ್ಟಿನ ಉದ್ಯೋಗಿ ಆಂಡ್ರೆಸ್ ಫ್ರಾಯಿಂಡ್ ಡೆಬಿಯನ್ನಿನ ಪ್ರಯೋಗಾತ್ಮಕ ಆವೃತ್ತಿಯ ಮೇಲೆ ವೇಗದ ಅಳತೆ ಮಾಡುತ್ತಿದ್ದಾಗ, ದೂರದಿಂದ ಸರ್ವರಿನೊಳಗೆ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಪ್ರೋಗ್ರಾಂ ಮಾಮೂಲಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತಿರುವುದು ಗಮನಕ್ಕೆ ಬಂತು. ಕೆಲವು ವಾರಗಳ ಹಿಂದೆ ಪರೀಕ್ಷೆಯೊಂದರಲ್ಲಿ ವಾಲ್‌ಗ್ರೈಂಡ್ ಕೊಟ್ಟ, ಅರ್ಥವಾಗದೆ ಉಳಿದ ಎಚ್ಚರಿಕೆಯೂ ಅವರಿಗೆ ನೆನಪಾಯಿತು. 2006ರಲ್ಲಿ ಬಾಯಿ ಮುಚ್ಚಿಸಲಾದ ಸಲಕರಣೆಯೇ 2024ರಲ್ಲಿ ಆಲಿಸಲ್ಪಟ್ಟಿತು. ಫ್ರಾಯಿಂಡ್ ಆ ಅರ್ಧ ಸೆಕೆಂಡಿನ ಜಾಡು ಹಿಡಿದು ಹಿಂಬಾಗಿಲಿನವರೆಗೆ ಹೋಗಿ, ಮಾರ್ಚ್ 29ರಂದು ತಾವು ಕಂಡದ್ದನ್ನು, ಅಳತೆಗಳನ್ನು, ಉಳಿದ ಅನುಮಾನಗಳನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು. ಆ ಆವೃತ್ತಿಗಳು ಸ್ಥಿರ ವಿತರಣೆಗಳಿಗೆ ವ್ಯಾಪಕವಾಗಿ ಸೇರುವ ಮೊದಲೇ ತಡೆಯಲ್ಪಟ್ಟವು. ಮೂಲ ಪಾಲಕರು ಮರಳಿ ಬಂದು ಮೇ 29ರಂದು ಹಿಂಬಾಗಿಲನ್ನು ಕಿತ್ತುಹಾಕಿದ 5.6.2 ಆವೃತ್ತಿಯನ್ನು ಹೊರತಂದರು.

ಫ್ರಾಯಿಂಡ್ ಅವರಿಗೆ ಅರ್ಧ ಸೆಕೆಂಡಿನ ಬೆನ್ನುಹತ್ತುವಷ್ಟು ವೇಳೆಯೂ ಪರಿಣತಿಯೂ ಇದ್ದವು, ಎಕ್ಸ್‌ಜೆಡ್ಡಿನ ಪಾಲಕರಿಗೆ ಜೊತೆಗಾರರೂ ಇರಲಿಲ್ಲ, ಸಂಬಳವೂ ಇರಲಿಲ್ಲ. ಈ ಎರಡು ಸ್ಥಿತಿಗಳ ನಡುವಿನ ಅಂತರವೇ ಇಂದು ಈ ಪದ್ಧತಿಯ ಎದುರಿಗಿರುವ ನಿಜವಾದ ದೋಷ. ಅದನ್ನು ಯಾವ ಪ್ಯಾಚೂ ತಿದ್ದಲಾರದು. ಬೆಂಗಳೂರಿನ ಸಾವಿರಾರು ಎಂಜಿನಿಯರುಗಳು ದಿನವೂ ಇವೇ ಸರ್ವರುಗಳ ತೊಡಕುಗಳನ್ನು ಬಿಡಿಸುತ್ತಾರೆ, ಆದರೆ ಕಂಡುಕೊಂಡ ಉತ್ತರಗಳು ಎಷ್ಟೋ ಸಲ ಕಂಪನಿಯ ಒಳಗಡತಗಳಲ್ಲೇ ಉಳಿಯುತ್ತವೆ. ಅವುಗಳನ್ನು ಬಹಿರಂಗ ದಾಖಲೆಗೆ ಸೇರಿಸಲು ತಮ್ಮ ನೌಕರರಿಗೆ ಕಂಪನಿಗಳು ಕೆಲಸದ ವೇಳೆಯಲ್ಲೇ ಅವಕಾಶ ಕೊಡಬೇಕು, ತಾವು ನೆಚ್ಚಿಕೊಂಡ ತಂತ್ರಾಂಶದ ಪಾಲಕರಿಗೆ ಹಣ ಕೊಡಬೇಕು. ಬಲ್ಲವರು ಒಂದಷ್ಟು ಉತ್ತರಗಳನ್ನು ಕನ್ನಡದಲ್ಲೂ ಬರೆದಿಡಬೇಕು.